ಪಟ್ಟಿ ಶೂ ಹುಡುಗಿಯರದಾದ ಬಗೆ

1545ರ ಜುಲೈ 19ರಂದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸೋಲೆಂಟ್ ಜಲಸಂಧಿಯಲ್ಲಿ ದೊರೆ ಎಂಟನೆಯ ಹೆನ್ರಿಯ ಯುದ್ಧನೌಕೆ ‘ಮೇರಿ ರೋಸ್’ ಮುಳುಗಿತು. ಅದರಲ್ಲಿದ್ದ ನೂರಾರು ಮಂದಿಯಲ್ಲಿ ಬದುಕಿ ಬಂದವರು ಬೆರಳೆಣಿಕೆಯಷ್ಟು. ಸಮುದ್ರತಳದ ಹೂಳು ಗಾಳಿಯಾಡದಂತೆ ಮುಚ್ಚಿಕೊಂಡಿದ್ದರಿಂದ ಒಳಗಿನ ಸಾಮಾನು ಕೊಳೆಯದೆ ಉಳಿಯಿತು. 1982ರಲ್ಲಿ ಹಡಗಿನ ಅವಶೇಷವನ್ನು ನೀರಿನಿಂದ ಮೇಲೆತ್ತಿದರು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಚರ್ಮದ ಪಾದರಕ್ಷೆಗಳೂ ರಾಶಿಯಾಗಿ ಇದ್ದವು. ಅವುಗಳಲ್ಲಿ ಕೆಲವು ಅಡಿ ಚಪ್ಪಟೆ, ಬೆರಳಿನ ಕಡೆ ಅಗಲ. ಪಾದದ ಮೇಲೆ ಅಡ್ಡಲಾಗಿ ಒಂದು ಪಟ್ಟಿ, ಅದನ್ನು ಸಿಕ್ಕಿಸಲು ಒಂದು ಬಕಲ್. ತೊಟ್ಟಿದ್ದವರು ಫಿರಂಗಿ ಹಾರಿಸುತ್ತಿದ್ದ, ಬಿಲ್ಲು ಎಳೆಯುತ್ತಿದ್ದ, ಹಾಯಿಹಗ್ಗ ಜಗ್ಗುತ್ತಿದ್ದ ಗಂಡಸರು.

ಇದೇ ಆಕಾರದ ಶೂವನ್ನು ಇಂದು ಯಾರಿಗಾದರೂ ತೋರಿಸಿದರೆ ಬಾಯಿಗೆ ಬರುವ ಮೊದಲ ಮಾತು, “ಸ್ಕೂಲ್ ಹುಡುಗಿಯರ ಶೂ.” ಮೂವತ್ತು ನಲವತ್ತು ದಾಟಿದ ಹೆಂಗಸೊಬ್ಬಳು ಅದನ್ನು ತೊಟ್ಟರೆ ಒಪ್ಪುತ್ತದೆಯೇ, ಅದು ಎಳೆಯ ವೇಷವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ಫ್ಯಾಷನ್ ಪುಟಗಳು ದಶಕಗಳಿಂದ ಕೇಳುತ್ತಲೇ ಬಂದಿವೆ. ಪಟ್ಟಿ ಇರುವ ಶೂವಿಗೆ ಹುಡುಗಿತನ ಅಂಟಿದ್ದು ಯಾವಾಗ, ಅಂಟಿಸಿದವರು ಯಾರು ಎಂದು ನೋಡಿದ ಮೇಲೆ ಆ ಪ್ರಶ್ನೆ ಬೇರೆಯಾಗಿಯೇ ಕಾಣುತ್ತದೆ.

ಮೇರಿ ರೋಸ್‌ಗಿಂತ ಹಿಂದೆಯೂ ಪಟ್ಟಿ ಇತ್ತು. ಲಂಡನ್ನಿನ ಥೇಮ್ಸ್ ದಡದ ಮಧ್ಯಯುಗದ ಪದರಗಳನ್ನು ಅಗೆದಾಗ ಪಟ್ಟಿ ಮತ್ತು ಬಕಲ್ ಇರುವ ಶೂಗಳು ಸಿಕ್ಕಿವೆ, ದೊಡ್ಡವರವೂ ಮಕ್ಕಳವೂ. ಬಕಲ್ ಮುಂದೆ ಗಂಡಸರ ಶೋಕಿಯೇ ಆಯಿತು: ದಿನಚರಿಗಾಗಿ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಶೂಗಳಿಗೆ ಮೊದಲ ಬಾರಿ ಬಕಲ್ ಹಾಕಿಕೊಂಡ ಸಂಗತಿಯನ್ನು 1660ರ ಜನವರಿಯಲ್ಲಿ ಬರೆದಿಟ್ಟಿದ್ದಾನೆ. ಹದಿನೆಂಟನೆಯ ಶತಮಾನದ ಕೊನೆಗೆ ಲೇಸ್ ಬಂದು ಬಕಲ್ ಬಿದ್ದುಹೋಯಿತು. ಬರ್ಮಿಂಗ್‌ಹ್ಯಾಮ್ ಸುತ್ತಲಿನ ಬಕಲ್ ಕೆಲಸಗಾರರು ತಮ್ಮ ಹೊಟ್ಟೆಪಾಡು ಹೋಯಿತೆಂದು 1791ರಲ್ಲಿ ಯುವರಾಜನಿಗೆ ಅಹವಾಲು ಸಲ್ಲಿಸಿದರು. ಯುವರಾಜ ಬಕಲ್ ತೊಟ್ಟು ತೋರಿಸಿದರೂ ಊರು ಹಿಂಬಾಲಿಸಲಿಲ್ಲ.

ಹೀಗೆ ದೊಡ್ಡವರು ಲೇಸಿಗೂ ಬೂಟಿಗೂ ಹೋದರು. ಲೇಸ್ ಕಟ್ಟಲು ಬಾರದ ಮಕ್ಕಳ ಕಾಲಿನಲ್ಲಿ ಮಾತ್ರ ಪಟ್ಟಿ ಉಳಿಯಿತು. ಮಕ್ಕಳು ಎಂದರೆ ಹೆಣ್ಣುಮಕ್ಕಳಷ್ಟೇ ಅಲ್ಲ. ಹತ್ತೊಂಬತ್ತನೆಯ ಶತಮಾನದ ಯುರೋಪ್, ಅಮೆರಿಕಗಳಲ್ಲಿ ನಾಲ್ಕೈದು ವರ್ಷ ತುಂಬುವವರೆಗೆ ಗಂಡುಮಕ್ಕಳಿಗೂ ಲಂಗವನ್ನೇ ತೊಡಿಸುತ್ತಿದ್ದರು. ಅಮೆರಿಕದ ಅಧ್ಯಕ್ಷರಾಗಿ ಎರಡನೆಯ ಮಹಾಯುದ್ಧವನ್ನು ನಡೆಸಿದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ 1884ರ ಒಂದು ಫೋಟೋ ಇದೆ. ಆಗ ಎರಡೂವರೆ ವರ್ಷದ ಮಗು: ಬಿಳಿ ಲಂಗ, ಭುಜದವರೆಗೆ ಕೂದಲು, ಗರಿ ಸಿಕ್ಕಿಸಿದ ಹ್ಯಾಟು, ಕಾಲಿಗೆ ಹೊಳೆಯುವ ಪಾರ್ಟಿ ಶೂ. ಅಂದಿನವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಆ ಹೊಳಪಿಗೂ ಒಂದು ಊರಿದೆ. ಚರ್ಮದ ಮೇಲೆ ಅಗಸೆ ಎಣ್ಣೆಯ ವಾರ್ನಿಷನ್ನು ಪದರಪದರವಾಗಿ ಹಚ್ಚಿ ಒಣಗಿಸಿ ಕನ್ನಡಿಯಂತೆ ಮಿರುಗಿಸುವ ಪೇಟೆಂಟ್ ಲೆದರ್ ತಯಾರಿಕೆಯನ್ನು ಅಮೆರಿಕದಲ್ಲಿ ಬೆಳೆಸಿದವನು ನ್ಯೂಜೆರ್ಸಿಯ ನ್ಯೂವರ್ಕ್ ಪಟ್ಟಣದ ಸೇತ್ ಬಾಯ್ಡನ್. 1819ರ ಹೊತ್ತಿಗೆ ಅವನ ಕೆಲಸ ಶುರುವಾಗಿತ್ತು. ಹಬ್ಬಕ್ಕೆ, ಚರ್ಚಿಗೆ, ಹುಟ್ಟುಹಬ್ಬಕ್ಕೆ ಮಕ್ಕಳಿಗೆ ತೊಡಿಸುವ ಕಪ್ಪು ಶೂವಿನ ಮಿರುಗು ಆ ಚರ್ಮದ್ದು.

ಇನ್ನು ಹೆಸರಿನ ವಿಷಯ. 1902ರ ಮೇ 4ರಂದು ‘ನ್ಯೂಯಾರ್ಕ್ ಹೆರಾಲ್ಡ್’ ಪತ್ರಿಕೆಯ ಭಾನುವಾರದ ಪುಟದಲ್ಲಿ ಹೊಸ ಚಿತ್ರಕಥೆಯೊಂದು ಬಂತು. ನಾಯಕ ಬಸ್ಟರ್ ಬ್ರೌನ್, ಸಿರಿವಂತರ ಮನೆಯ ಮುದ್ದುಮುಖದ ತುಂಟ. ಅವನ ಜೊತೆಗೆ ಟೈಗ್ ಎಂಬ ನಾಯಿ, ಮೇರಿ ಜೇನ್ ಎಂಬ ಗೆಳತಿ. ಬರೆದವರು ರಿಚರ್ಡ್ ಔಟ್‌ಕಾಲ್ಟ್. ಇದಕ್ಕೆ ಮುಂಚೆ ಅವರು ಸೃಷ್ಟಿಸಿದ್ದ ‘ಯೆಲ್ಲೋ ಕಿಡ್’ ಪಾತ್ರಕ್ಕಾಗಿ ನ್ಯೂಯಾರ್ಕಿನ ಎರಡು ದೊಡ್ಡ ಪತ್ರಿಕೆಗಳು ಕಿತ್ತಾಡಿದ್ದವು. ಆ ಜಗಳದಿಂದ ಔಟ್‌ಕಾಲ್ಟ್ ಪಾತ್ರವೆಂದರೆ ಆಸ್ತಿ ಎಂಬುದನ್ನು ಕಲಿತಿದ್ದರು. ಮೇರಿ ಜೇನ್ ಎಂಬುದು ಅವರ ಸ್ವಂತ ಮಗಳ ಹೆಸರು.

1904ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ವಿಶ್ವಮೇಳ ನಡೆಯಿತು. ಔಟ್‌ಕಾಲ್ಟ್ ಅಲ್ಲಿಗೆ ಹೋಗಿ ತಮ್ಮ ಪಾತ್ರಗಳನ್ನು ಬಳಸುವ ಹಕ್ಕನ್ನು ಕಂಪನಿಯಿಂದ ಕಂಪನಿಗೆ ಮಾರಿದರು. ಕೊಂಡವರಲ್ಲಿ ಅದೇ ಊರಿನ ಬ್ರೌನ್ ಶೂ ಕಂಪನಿಯೂ ಒಂದು. ಅದರ ಮಾರಾಟ ವಿಭಾಗದಲ್ಲಿದ್ದ ಜಾನ್ ಬುಷ್ ಎಂಬವರ ಮುತುವರ್ಜಿಯಿಂದ ಆದ ವ್ಯವಹಾರ ಅದು. ಹಕ್ಕು ಕೊಂಡು ಕಂಪನಿ ಸುಮ್ಮನೆ ಕೂರಲಿಲ್ಲ. ಕುಳ್ಳ ಮೈಕಟ್ಟಿನ ನಟರಿಗೆ ಬಸ್ಟರ್ ಬ್ರೌನ್ ವೇಷ ಹಾಕಿಸಿ, ಒಂದೊಂದು ನಾಯಿಯನ್ನೂ ಜೊತೆಗೆ ಕೊಟ್ಟು ಊರೂರಿಗೆ ಕಳಿಸಿತು. ರಂಗಮಂದಿರ, ಡಿಪಾರ್ಟ್‌ಮೆಂಟ್ ಸ್ಟೋರ್, ಚಿಕ್ಕ ಊರಿನ ಶೂ ಅಂಗಡಿ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಆಟ. ಮಕ್ಕಳ ಕೈ ಹಿಡಿದು ತಾಯಂದಿರು ಬರುತ್ತಿದ್ದರು. ಈ ತಿರುಗಾಟ 1930ರವರೆಗೂ ನಡೆಯಿತು. ಒಂದು ಇಡೀ ತಲೆಮಾರು ತನ್ನ ಮೊದಲ ಶೂವನ್ನು ಆ ನಾಯಿಯ ನೆನಪಿನೊಡನೆ ಕೊಂಡಿತು.

ಚಿತ್ರಕಥೆಯಲ್ಲಿ ಅಡ್ಡಪಟ್ಟಿಯ ಶೂ ಬಸ್ಟರ್‌ನ ಕಾಲಲ್ಲೂ ಇತ್ತು, ಮೇರಿ ಜೇನಳ ಕಾಲಲ್ಲೂ ಇತ್ತು. ಆದರೆ ಬಾಯಿಮಾತಿನಲ್ಲಿ ಶೂವಿಗೆ ನಿಂತ ಹೆಸರು ಮೇರಿ ಜೇನ್. ಹುಡುಗನ ಹೆಸರು ಕಂಪನಿಯ ಬ್ರ್ಯಾಂಡಿಗಾಯಿತು, ಹುಡುಗಿಯ ಹೆಸರು ಶೂವಿಗಾಯಿತು. ಶತಮಾನಗಳ ಕಾಲ ಎಲ್ಲರದಾಗಿದ್ದ ಒಂದು ಆಕಾರ ಹೀಗೆ ಒಂದು ಮಗುವಿನ ಹೆಸರಿಗೆ ಬರೆದುಹೋಯಿತು.

ಆದರೂ ಗಂಡುಮಕ್ಕಳು ಅದನ್ನು ತಕ್ಷಣ ಬಿಡಲಿಲ್ಲ. 1924ರಿಂದ ಇ.ಎಚ್. ಶೆಪರ್ಡ್ ಬಿಡಿಸಿದ ಕ್ರಿಸ್ಟೋಫರ್ ರಾಬಿನ್ ಚಿತ್ರಗಳಲ್ಲಿ ಆ ಪುಟ್ಟ ಹುಡುಗ ತನ್ನ ಕರಡಿಯೊಡನೆ ಕಾಡೆಲ್ಲ ಅಲೆಯುವುದು ಹೆಚ್ಚಾಗಿ ಪಟ್ಟಿ ಶೂ ತೊಟ್ಟೇ. ಬ್ರಿಟಿಷ್ ರಾಜಮನೆತನದಲ್ಲಿ ಆ ರೂಢಿ ಇನ್ನೂ ಅಳಿದಿಲ್ಲ. 2015ರಲ್ಲಿ ತಂಗಿ ಷಾರ್ಲಟ್‌ಳ ನಾಮಕರಣಕ್ಕೆ ಎರಡು ವರ್ಷ ತುಂಬದ ರಾಜಕುಮಾರ ಜಾರ್ಜ್ ಬಂದದ್ದು ಕೆಂಪು ಚಡ್ಡಿ, ಬಿಳಿ ಕಾಲುಚೀಲ, ಬಕಲ್ ಪಟ್ಟಿಯ ಶೂಗಳಲ್ಲಿ.

ದೊಡ್ಡ ಹೆಂಗಸರ ಕಾಲಿಗೆ ಪಟ್ಟಿ ವಾಪಸಾದದ್ದು ಕ್ರಿಸ್ಟೋಫರ್ ರಾಬಿನ್ ಚಿತ್ರಗಳು ಬಂದ 1920ರ ದಶಕದಲ್ಲೇ. ಈ ಇತಿಹಾಸದಲ್ಲಿ ಹೆಚ್ಚು ಹೊತ್ತು ನಿಂತು ನೋಡಬೇಕಾದ ಕಾಲ ಅದು. ಅದಕ್ಕೆ ಮುಂಚೆ ಮರ್ಯಾದಸ್ಥ ಮನೆಯ ಹೆಂಗಸಿನ ಶೂ ಹೊರಗೆ ಕಾಣುತ್ತಲೇ ಇರಲಿಲ್ಲ. ಲಂಗ ನೆಲ ಗುಡಿಸುತ್ತಿತ್ತು, ಒಳಗೆ ಗುಂಡಿ ಹಾಕುವ ಎತ್ತರದ ಬೂಟು. ಮೊದಲ ಮಹಾಯುದ್ಧದಲ್ಲಿ ಹೆಂಗಸರು ಕಾರ್ಖಾನೆಗೆ, ಕಚೇರಿಗೆ, ಆಸ್ಪತ್ರೆಗೆ ದುಡಿಯಲು ಬಂದರು. ಲಂಗ ಮೇಲೇರಿತು, 1920ರ ದಶಕದ ನಡುವಿಗೆ ಮೊಣಕಾಲಿನ ಹತ್ತಿರ ಬಂದು ನಿಂತಿತು. ಕಾಲು ಕಾಣತೊಡಗಿದ ಮೇಲೆ ಶೂವಿನ ಮೇಲೆ ಗಮನ ಬಂತು.

ಅದರ ಜೊತೆಗೇ ಬಂತು ಕುಣಿತ. 1923ರಲ್ಲಿ ಬ್ರಾಡ್‌ವೇಯ ‘ರನ್ನಿನ್ ವೈಲ್ಡ್’ ಪ್ರದರ್ಶನದಲ್ಲಿ ಜೇಮ್ಸ್ ಪಿ. ಜಾನ್ಸನ್ ಸಂಗೀತದ ‘ಚಾರ್ಲ್‌ಸ್ಟನ್’ ಹಾಡು ಕೇಳಿಬಂತು. ಅಮೆರಿಕದ ದಕ್ಷಿಣದ ಕಪ್ಪು ಜನರ ಕುಣಿತದ ಹೆಜ್ಜೆಗಳು ಕೆಲವೇ ತಿಂಗಳಲ್ಲಿ ನ್ಯೂಯಾರ್ಕ್, ಲಂಡನ್, ಪ್ಯಾರಿಸ್‌ಗಳ ಕುಣಿತದ ಹಾಲ್‌ಗಳನ್ನು ತುಂಬಿದವು. ಚಾರ್ಲ್‌ಸ್ಟನ್ ಎಂದರೆ ಮೊಣಕಾಲು ಒಳಗೆ ತಿರುಗಿಸಿ ಪಾದ ಹೊರಗೆ ಒದೆಯುವ ಕುಣಿತ. ಪಟ್ಟಿ ಇಲ್ಲದ ಪಂಪ್ ಶೂ ತೊಟ್ಟು ಹಾಗೆ ಒದ್ದರೆ ಶೂ ಎದುರಿನವರ ಮೇಲೆ ಬೀಳುತ್ತದೆ. ಹಾಗಾಗಿ ಹೀಲ್ಸ್ ಇರುವ, ಒಂದು ಅಡ್ಡಪಟ್ಟಿಯ ಶೂ ಆ ದಶಕದ ಗುರುತೇ ಆಯಿತು. ಕೆಲವಕ್ಕೆ ಎರಡು ಮೂರು ಪಟ್ಟಿ, ಕೆಲವಕ್ಕೆ ಟಿ ಆಕಾರದ ಪಟ್ಟಿ. ಸಂಜೆಯ ಶೂಗಳ ಹೀಲ್ಸಿಗೆ ಸೆಲ್ಯುಲಾಯ್ಡ್ ಹೊದಿಸಿ ಹೊಳೆಯುವ ಕಲ್ಲು ಕೂರಿಸುತ್ತಿದ್ದರು. 1922ರಲ್ಲಿ ಟುಟಂಖಾಮನ್ ಸಮಾಧಿ ಸಿಕ್ಕಿದ ಬಳಿಕ ಈಜಿಪ್ಟಿನ ವಿನ್ಯಾಸಗಳೂ ಶೂಗಳ ಮೇಲೆ ಹತ್ತಿದವು.

ಇವನ್ನು ತೊಟ್ಟವರು ಸಂಬಳ ತರುತ್ತಿದ್ದ, ಕೂದಲು ಕತ್ತರಿಸಿಕೊಂಡ, 1920ರಲ್ಲಿ ಅಮೆರಿಕದಾದ್ಯಂತ ಮತದಾನದ ಹಕ್ಕು ಪಡೆದ ಹೆಂಗಸರು. ಅವರ ಪಟ್ಟಿ ಶೂ ಕಂಡು ಹಿರಿಯರು ಮುಖ ಸಿಂಡರಿಸಿದ್ದಿದ್ದರೆ ಅದು ಎಳೆಯದೆಂದಲ್ಲ, ಮಿತಿ ಮೀರಿ ದೊಡ್ಡದಾಯಿತೆಂದು.

ಮುಂದಿನ ದಶಕ ಅದನ್ನು ಮತ್ತೆ ಮಗುವಿನ ಕಾಲಿಗೆ ತೊಡಿಸಿತು. ಆ ಮಗು ಶರ್ಲಿ ಟೆಂಪಲ್. 1935ರ ‘ದ ಲಿಟ್ಲ್ ಕರ್ನಲ್’ ಸಿನಿಮಾದಲ್ಲಿ ಹೆಸರಾಂತ ಟ್ಯಾಪ್ ನರ್ತಕ ಬಿಲ್ ರಾಬಿನ್ಸನ್ ಜೊತೆ ಮೆಟ್ಟಿಲ ಮೇಲೆ ಅವಳು ಹಾಕಿದ ಹೆಜ್ಜೆಗಳು ಜನಮನದಲ್ಲಿ ಉಳಿದವು. ಹಿಟ್ಲರನ ನೆರಳು ಒಂದು ಕಡೆ, ಆರ್ಥಿಕ ಕುಸಿತದ ಹಸಿವು ಇನ್ನೊಂದು ಕಡೆ ಇದ್ದ ಆ ಕಾಲಕ್ಕೆ ಗುಂಗುರು ಕೂದಲ ಈ ಹುಡುಗಿ ದೊಡ್ಡ ಸಮಾಧಾನವಾಗಿದ್ದಳು. ಅವಳ ಬೊಂಬೆಗಳಿಗೂ ಪಟ್ಟಿ ಶೂ, ಅವಳಂತೆ ಕಾಣಬಯಸಿದ ಹುಡುಗಿಯರಿಗೂ ಪಟ್ಟಿ ಶೂ. ಯುದ್ಧಾನಂತರ ದೊಡ್ಡ ಹೆಂಗಸರ ಕಾಲಿಗೆ ಬಂದದ್ದು ಚೂಪು ಮುಂಭಾಗದ, ಸೂಜಿಯಂಥ ಹಿಮ್ಮಡಿಯ ಸ್ಟಿಲೆಟೊ. ಬೆರಳುಗಳನ್ನು ಒಂದರ ಮೇಲೊಂದು ಒತ್ತುವ ಆ ಶೂವನ್ನು ‘ಪ್ರೌಢ’ ಎಂದು ಕರೆದರು. ಬೆರಳಿಗೆ ಜಾಗ ಕೊಡುವ ಅಗಲ ಮುಂಭಾಗದ, ಓಡಲು ಬರುವ ಶೂ ‘ಎಳೆಯ’ದೆನಿಸಿತು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ವಯಸ್ಸಿನದಲ್ಲ. ಒಂದು ಶೂ ಓಡಲು ಅನುಮತಿ ಇರುವವರಿಗೆ, ಇನ್ನೊಂದು ನಿಂತು ಕಾಣಿಸಿಕೊಳ್ಳಬೇಕಾದವರಿಗೆ. ಹುಡುಗಿ ಹೆಂಗಸಾದಾಗ ಅವಳಿಂದ ಕಿತ್ತುಕೊಂಡದ್ದು ಆ ಓಟವನ್ನು.

ಲಂಡನ್ನಿನ ಮೇರಿ ಕ್ವಾಂಟ್ ಅದನ್ನು ಅರಿತಿದ್ದರು. 1955ರಲ್ಲಿ ಕಿಂಗ್ಸ್ ರೋಡಿನಲ್ಲಿ ‘ಬಜಾರ್’ ಎಂಬ ಅಂಗಡಿ ತೆರೆದ ಈ ವಿನ್ಯಾಸಕಿ ತಮ್ಮ ಕಲ್ಪನೆಯ ಮೂಲವನ್ನು ಬಾಲ್ಯದ ಒಂದು ನೋಟಕ್ಕೆ ಒಯ್ಯುತ್ತಿದ್ದರು. ನೃತ್ಯ ಕಲಿಯಲು ಹೋಗಿದ್ದಾಗ ಪಕ್ಕದಲ್ಲಿ ಟ್ಯಾಪ್ ಕಲಿಯುತ್ತಿದ್ದ ಹುಡುಗಿಯೊಬ್ಬಳನ್ನು ಅವರು ಕಂಡರು: ಗಿಡ್ಡ ಲಂಗ, ಕಪ್ಪು ಟೈಟ್ಸ್, ಅದರ ಮೇಲೆ ಬಿಳಿ ಕಾಲುಚೀಲ, ಪಟ್ಟಿ ಇರುವ ಹೊಳಪಿನ ಕಪ್ಪು ಶೂ. ಆ ಚಿತ್ರ ಅವರನ್ನು ಬಿಡಲೇ ಇಲ್ಲ. ಹೆಂಗಸರು ಬಸ್ ಹಿಡಿಯಲು ಓಡಬಲ್ಲ ಬಟ್ಟೆಗಳನ್ನು ಮಾಡಬೇಕೆಂಬುದು ಅವರ ಹಟ. ಮಿನಿ ಸ್ಕರ್ಟಿನ ಕೆಳಗೆ ಸ್ಟಿಲೆಟೊ ಹೊಂದುವುದಿಲ್ಲ. ಚಪ್ಪಟೆ ಅಥವಾ ಗಿಡ್ಡ ಹಿಮ್ಮಡಿಯ ಪಟ್ಟಿ ಶೂ ಹೊಂದುತ್ತದೆ. 1966ರಲ್ಲಿ ಹದಿನಾರರ ಟ್ವಿಗಿ ಆ ವರ್ಷದ ಮುಖವೆನಿಸಿಕೊಂಡ ಮೇಲೆ ಈ ನೋಟ ಎಲ್ಲೆಡೆ ಹರಡಿತು.

ಇಲ್ಲಿ ಎದ್ದ ಆಕ್ಷೇಪವೊಂದನ್ನು ತಳ್ಳಿಹಾಕುವಂತಿಲ್ಲ. ಬೆಳೆದ ಹೆಂಗಸು ಮಗುವಿನಂತೆ ತೆಳ್ಳಗಿರಬೇಕು, ಮಗುವಿನಂತೆ ಕಣ್ಣರಳಿಸಬೇಕು, ಮಗುವಿನಂತೆ ತೊಡಬೇಕು ಎಂಬ ಒತ್ತಡವೂ ಅದೇ ದಶಕದಲ್ಲಿ ಬೆಳೆಯಿತು. ಬೆಳೆದವಳನ್ನು ಮಗುವಾಗಿಸುವ, ಮಗುವನ್ನು ಬೆಳೆದವಳಾಗಿ ನೋಡುವ ಕಣ್ಣು ಎರಡೂ ಒಂದೇ ಮೂಲದ್ದು, ಕೆಟ್ಟದ್ದು. ಸ್ತ್ರೀವಾದಿಗಳು ಅದನ್ನು ಖಂಡಿಸಿದ್ದು ಸರಿಯೇ. ಆದರೆ ಆ ಕಣ್ಣಿನ ತಪ್ಪಿಗೆ ಶೂ ತೊಟ್ಟವಳು ದಂಡ ತೆರಬೇಕಿಲ್ಲ.

1990ರ ದಶಕದ ಆರಂಭದಲ್ಲಿ ಅಮೆರಿಕದ ಇಬ್ಬರು ರಾಕ್ ಗಾಯಕಿಯರು, ‘ಹೋಲ್’ ತಂಡದ ಕೋರ್ಟ್ನಿ ಲವ್ ಮತ್ತು ‘ಬೇಬ್ಸ್ ಇನ್ ಟಾಯ್‌ಲ್ಯಾಂಡ್’ ತಂಡದ ಕ್ಯಾಟ್ ಬಿಯೆಲ್ಲಂಡ್, ಆ ಕಣ್ಣಿಗೇ ಉತ್ತರ ಕೊಟ್ಟರು. ಬೊಂಬೆಯ ಫ್ರಾಕು, ಹರಿದ ಕಾಲುಚೀಲ, ಪಟ್ಟಿ ಶೂ ತೊಟ್ಟು ವೇದಿಕೆ ಹತ್ತಿ, ಎದೆ ಬಿರಿಯುವಂತೆ ಕಿರುಚಿ ಹಾಡಿದರು. ಮುದ್ದು ಬೊಂಬೆಯಾಗಿರು ಎಂದು ಹೇಳಿದ್ದ ಲೋಕಕ್ಕೆ ಬೊಂಬೆಯ ಬಾಯಿಂದಲೇ ಕೋಪ ಕೇಳಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಶೂ ವಿನ್ಯಾಸಕ ಮನೋಲೊ ಬ್ಲಾನಿಕ್ ಎತ್ತರದ ಹೀಲ್ಸಿನ, ಹೊಳಪು ಚರ್ಮದ ‘ಕಂಪಾರಿ’ ಎಂಬ ಮೇರಿ ಜೇನ್ ಮಾಡಿದರು. 2002ರಲ್ಲಿ ಪ್ರಸಾರವಾದ ‘ಸೆಕ್ಸ್ ಅಂಡ್ ದ ಸಿಟಿ’ ಧಾರಾವಾಹಿಯ ಒಂದು ಕಂತಿನಲ್ಲಿ ಮೂವತ್ತು ದಾಟಿದ ನಾಯಕಿ ‘ವೋಗ್’ ಪತ್ರಿಕೆಯ ಬಟ್ಟೆಕೋಣೆಯಲ್ಲಿ ಅದನ್ನು ಕಂಡು ಬೆರಗಾಗುತ್ತಾಳೆ. ಜಪಾನಿನ ಹರಾಜುಕುವಿನಲ್ಲಿ ಲೇಸು, ರಿಬ್ಬನ್ನು, ಪಟ್ಟಿ ಶೂಗಳ ವೇಷ ತೊಟ್ಟು ತಿರುಗಿದ ಯುವತಿಯರೂ ಉಂಟು. ತಾವು ತೊಡುವುದು ತಮಗಾಗಿ, ಹುಡುಗರಿಗಾಗಿ ಅಲ್ಲ ಎಂಬುದು ಅವರಲ್ಲಿ ಅನೇಕರ ಮಾತು.

ಚೀನಾಕ್ಕೆ ಹೋದರೆ ಈ ಇಡೀ ವಾದವೇ ಅರ್ಥ ಕಳೆದುಕೊಳ್ಳುತ್ತದೆ. ಅಲ್ಲಿ ಕಪ್ಪು ಬಟ್ಟೆಯಿಂದ ಹೊಲಿದ, ಒಂದು ಪಟ್ಟಿಯ ಚಪ್ಪಟೆ ಶೂ ಹೆಂಗಸರ ದಿನನಿತ್ಯದ ತೊಡುಗೆಯಾಗಿತ್ತು. ಹೊಲಕ್ಕೆ, ಕಾರ್ಖಾನೆಗೆ, ಮಾರುಕಟ್ಟೆಗೆ ತೊಟ್ಟುಹೋಗುತ್ತಿದ್ದುದು ಅದನ್ನೇ. ಅಲ್ಲಿಯವರ ಮನಸ್ಸಿನಲ್ಲಿ ಅದು ಅಜ್ಜಿಯ ಶೂ. 1970, 80ರ ದಶಕಗಳಲ್ಲಿ ಅದೇ ಬಟ್ಟೆ ಶೂ ರಫ್ತಾಗಿ ಅಮೆರಿಕ, ಯುರೋಪ್‌ಗಳ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಕ್ಕಿತು, ಕಾಲೇಜು ಹುಡುಗಿಯರು ಮುಗಿಬಿದ್ದು ಕೊಂಡರು. ಒಂದು ದಡದಲ್ಲಿ ಅಜ್ಜಿಯದು, ಇನ್ನೊಂದು ದಡದಲ್ಲಿ ಹುಡುಗಿಯದು. ಆಕಾರ ಮಾತ್ರ ಒಂದೇ.

ಕನ್ನಡನಾಡಿಗೆ ಪಟ್ಟಿ ಶೂ ಬಂದದ್ದು ಶಾಲೆಯ ಬಾಗಿಲಿನಿಂದ. ಇಂಗ್ಲಿಷ್ ಮಾದರಿಯ ಕಾನ್ವೆಂಟ್ ಸಮವಸ್ತ್ರದ ಜೊತೆ ಕಪ್ಪು ಶೂ, ಬಿಳಿ ಕಾಲುಚೀಲ ಬಂದವು. 1931ರಲ್ಲಿ ಭಾರತದಲ್ಲಿ ಕಂಪನಿಯಾಗಿ ನೆಲೆಯೂರಿದ ಬಾಟಾ ಅದನ್ನು ತಾಲ್ಲೂಕು ಕೇಂದ್ರಗಳ ಪೇಟೆಬೀದಿಗೂ ತಂದಿತು. ಹುಡುಗರಿಗೆ ಲೇಸ್ ಶೂ, ಹುಡುಗಿಯರಿಗೆ ಬೆಲ್ಟ್ ಶೂ ಎಂಬ ಗೆರೆಯೂ ಅಂಗಡಿಯ ಕಪಾಟಿನಲ್ಲೇ ಬಿದ್ದಿತು. ಈಗ ರಾಜ್ಯ ಸರ್ಕಾರ ತನ್ನ ಶಾಲೆಗಳ ಮಕ್ಕಳಿಗೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಬಿಳಿ ಕಾಲುಚೀಲ ಕೊಡುತ್ತದೆ. ಮೇಲ್ಜಾತಿಯವರ ಕೇರಿಯಲ್ಲಿ ಮೆಟ್ಟು ತೊಟ್ಟು ನಡೆಯುವುದಕ್ಕೇ ಅಡ್ಡಿಯಿದ್ದ ನೆಲದಲ್ಲಿ ಪ್ರತಿ ಮಗುವಿನ ಕಾಲಿಗೂ ಶೂ ಬಂದದ್ದು ಸಣ್ಣ ಮಾತಲ್ಲ. ಆದರೆ ಹತ್ತನೆಯ ತರಗತಿ ಮುಗಿಯುತ್ತಲೇ ಹುಡುಗಿ ಆ ಶೂ ಬಿಡುತ್ತಾಳೆ. ಆಮೇಲೆ ಚಪ್ಪಲಿ, ಸ್ಯಾಂಡಲ್, ಇಲ್ಲವೇ ಬೆರಳ ತುದಿಯನ್ನಷ್ಟೇ ಮುಚ್ಚುವ ತೆಳು ಅಡಿಯ ಬೆಲ್ಲೀಸ್. ನಮ್ಮಲ್ಲಿ ಪಟ್ಟಿ ಶೂ ಎಳೆಯದೆನಿಸುವುದಕ್ಕೆ ಮೇರಿ ಜೇನ್ ಕಾರಣವಲ್ಲ, ಸಮವಸ್ತ್ರದ ನೆನಪು ಕಾರಣ.

ಮಕ್ಕಳ ಪಟ್ಟಿ ಶೂವೇ ಸರಿಯಿದೆಯೇ ಎಂಬ ಪ್ರಶ್ನೆಯೂ ಎದ್ದಿದೆ. 2017ರ ಆಗಸ್ಟಿನಲ್ಲಿ ಬ್ರಿಟನ್ನಿನ ಹಳೆಯ ಶೂ ಕಂಪನಿ ಕ್ಲಾರ್ಕ್ಸ್ ದೊಡ್ಡ ಟೀಕೆಗೆ ಗುರಿಯಾಯಿತು. ಅದರ ಶಾಲಾ ಶೂಗಳಲ್ಲಿ ಹುಡುಗರದಕ್ಕೆ ‘ಲೀಡರ್’ ಎಂದೂ ಹುಡುಗಿಯರದಕ್ಕೆ ‘ಡಾಲಿ ಬೇಬ್’ ಎಂದೂ ಹೆಸರಿಟ್ಟಿದ್ದರು. ಹುಡುಗಿಯರದರ ಒಳಗೆ ಹೃದಯದ ಚಿತ್ರ. ಅಂಗಡಿಗೆ ಹೋದ ತಾಯಿಯೊಬ್ಬರು ಹೆಸರಿನ ಆಚೆಗೂ ನೋಡಿದ್ದರು. ಹುಡುಗರ ಶೂ ಗಟ್ಟಿ ಅಟ್ಟೆಯದು, ಪಾದವನ್ನು ಪೂರ್ತಿ ಮುಚ್ಚುತ್ತದೆ. ಹುಡುಗಿಯರದು ಅಟ್ಟೆ ತೆಳು, ಮೇಲ್ಭಾಗ ತೆರೆದು, ಮಳೆಯಲ್ಲಿ ಹೊರಗೆ ಆಡಲು ಬಾರದು ಎಂದು ಅವರು ದೂರಿದರು. ಸ್ಕಾಟ್ಲೆಂಡ್ ಸರ್ಕಾರದ ಅಂದಿನ ಮುಖ್ಯಸ್ಥೆ ನಿಕೋಲಾ ಸ್ಟರ್ಜನ್ ಕೂಡ ದನಿಗೂಡಿಸಿದರು. ಕಂಪನಿ ‘ಡಾಲಿ ಬೇಬ್’ ಅನ್ನು ಹಿಂತೆಗೆದುಕೊಂಡಿತು. ಆ ತಾಯಿಯ ದೂರಿನಲ್ಲಿ ಸತ್ಯವಿದೆ. ತೆರೆದ ಮೇಲ್ಭಾಗದ ಶೂ ಒಣ ನೆಲಕ್ಕೆ, ಮನೆಯೊಳಗಿಗೆ, ಕುಣಿತದ ಹಾಲಿಗೆ ಹೇಳಿಮಾಡಿಸಿದ್ದು. ಮಲೆನಾಡಿನ ಜೂನ್ ತಿಂಗಳಿಗಲ್ಲ.

ಹಾಗಾದರೆ ಬೆಳೆದ ಹೆಂಗಸಿಗೆ ಅದು ಒಪ್ಪುತ್ತದೆಯೇ? ಕುಣಿಯುವವರನ್ನು ಕೇಳಿದರೆ ಈ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಸ್ಪೇನಿನ ಫ್ಲಮೆಂಕೊ ಕುಣಿಯುವವಳು ಅರವತ್ತರಲ್ಲೂ ಪಟ್ಟಿ ಶೂವಿನಲ್ಲೇ ನೆಲ ಗುದ್ದುತ್ತಾಳೆ. ಟ್ಯಾಂಗೊ ಕುಣಿಯುವವರ ಶೂವಿಗೂ ಪಟ್ಟಿ ಇದೆ. ಪಟ್ಟಿ ಇಲ್ಲದ ಶೂ ಬೀಳದಂತೆ ಹಿಡಿದಿಡಲು ಕಾಲ್ಬೆರಳುಗಳು ಹೆಜ್ಜೆಹೆಜ್ಜೆಗೂ ಮುದುರಿಕೊಳ್ಳುತ್ತವೆ. ಹಿಮ್ಮಡಿ ಎತ್ತರವಾದಷ್ಟೂ ಪಾದ ಮುಂದಕ್ಕೆ ಜಾರಿ ಬೆರಳುಗಳು ನಜ್ಜುತ್ತವೆ. ಪಟ್ಟಿ ಆ ಕೆಲಸವನ್ನು ಬೆರಳುಗಳಿಂದ ತೆಗೆದುಕೊಳ್ಳುತ್ತದೆ. ವಯಸ್ಸಾದಂತೆ ಪಾದ ಅಗಲವಾಗುತ್ತದೆ, ಹೆರಿಗೆಯ ನಂತರ ಕೆಲವರ ಪಾದ ಉದ್ದವೂ ಆಗುತ್ತದೆ, ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ. ಬೆಳಗ್ಗೆ ಒಂದು ತೂತಿಗೂ ಸಂಜೆ ಇನ್ನೊಂದು ತೂತಿಗೂ ಸಿಕ್ಕಿಸಬಹುದಾದ ಶೂ ಹದಿನಾಲ್ಕರ ಹುಡುಗಿಗಿಂತ ಐವತ್ತರ ಹೆಂಗಸಿಗೇ ಹೆಚ್ಚು ಬೇಕು.

ಕಣ್ಣಿಗೆ ಒಪ್ಪುವ ಮಾತೂ ಬೇಕಲ್ಲ. ಹರಡಿನ ಸುತ್ತ, ಮೈಬಣ್ಣಕ್ಕೆ ತೀರ ವಿರುದ್ಧ ಬಣ್ಣದ ಪಟ್ಟಿ ಬಂದರೆ ಕಾಲು ಅಲ್ಲಿಗೇ ತುಂಡಾದಂತೆ, ಗಿಡ್ಡವಾಗಿ ಕಾಣುವುದು ನಿಜ. ಪಟ್ಟಿ ಬೆರಳುಗಳ ಕಡೆಗೆ ತಗ್ಗಿದಷ್ಟೂ ಅಥವಾ ನಡುವೆ ಉದ್ದಪಟ್ಟಿ ಸೇರಿ ಟಿ ಆದಾಗ ಆ ನೋಟ ಬದಲಾಗುತ್ತದೆ. ಎರಡು ಸೆಂಟಿಮೀಟರಿನಷ್ಟು ದಪ್ಪ ಹಿಮ್ಮಡಿ, ಅಗಲ ಮುಂಭಾಗ, ಬಾಗುವ ಗಟ್ಟಿ ಅಟ್ಟೆ ಇದ್ದರೆ ಕಾಟನ್ ಸೀರೆಯ ಕೆಳಗೂ ಚೂಡಿದಾರದ ಕೆಳಗೂ ಅದು ಚೆನ್ನಾಗಿ ಕೂರುತ್ತದೆ. ತೊಂದರೆ ಇರುವುದು ಅಂಗಡಿಯಲ್ಲಿ: ದೊಡ್ಡ ಅಳತೆಯ ಪಟ್ಟಿ ಶೂ ಕೇಳಿದರೆ ಶಾಲೆಯ ಕಪಾಟು ತೋರಿಸುತ್ತಾರೆ, ಇಲ್ಲವೇ ವೆಲ್ಕ್ರೋ ಪಟ್ಟಿಯ, ಮಂಡಿನೋವಿನವರಿಗೆಂದೇ ಮಾರುವ ಶೂ ತೋರಿಸುತ್ತಾರೆ. ಹದಿನಾರಕ್ಕೂ ಅರವತ್ತಕ್ಕೂ ಮಾಡಿಟ್ಟಿರುವ ಶೂವನ್ನು ನಡುವಿನ ನಲವತ್ತನಾಲ್ಕು ವರ್ಷದವರಿಗೂ ಒಳ್ಳೆಯ ಚರ್ಮದಲ್ಲಿ ಹೊಲಿದು ಕೊಡಲು ಬೇಕಾದ ಕೈಗಳು ನಮ್ಮ ರಾಜ್ಯದಲ್ಲೇ ಇವೆ. ರಾಜ್ಯ ಸರ್ಕಾರದ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನ ಮಳಿಗೆಗಳಿಗೆ ಸಾಮಾನು ಕೊಡುವ ಚರ್ಮದ ಕುಶಲಕರ್ಮಿಗಳಿಗೆ ಪಾದದ ಅಳತೆ ಕೊಟ್ಟು, ಪಟ್ಟಿ ಎಲ್ಲಿ ಹಾಯಬೇಕೆಂದು ಬೆರಳಿಟ್ಟು ತೋರಿಸಿದರೆ ಅವರಿಗೆ ಅದು ಹೊಸ ಕೆಲಸವೇನಲ್ಲ.